ನೂರ ತೊಂಬತ್ತೆರಡು ಚುಕ್ಕಿಗಳ ಅಂತರ

ಸೋನಿ ಎ6000 ಕ್ಯಾಮೆರಾದಲ್ಲಿ ತೆಗೆದ ಚಿತ್ರದ ಅಗಲ 6000 ಚುಕ್ಕಿ. ಸೋನಿ ಎ6700ರಲ್ಲಿ ತೆಗೆದದ್ದರ ಅಗಲ 6192 ಚುಕ್ಕಿ. ಮೊದಲನೆಯದನ್ನು ಕಂಪನಿ ಪ್ರಕಟಿಸಿದ್ದು 2014ರ ಫೆಬ್ರುವರಿಯಲ್ಲಿ, ಎರಡನೆಯದನ್ನು 2023ರ ಜುಲೈನಲ್ಲಿ. ನಡುವೆ ಒಂಬತ್ತು ವರ್ಷ ಚಿಲ್ಲರೆ. ಇಂಚಿಗೆ 300 ಚುಕ್ಕಿಯಂತೆ ಎರಡನ್ನೂ ಪ್ರಿಂಟ್ ಹಾಕಿಸಿದರೆ ಹಳೆಯದು 20 ಇಂಚು ಅಗಲ ಬರುತ್ತದೆ, ಹೊಸದು ಅದಕ್ಕಿಂತ ಅರ್ಧ ಇಂಚು ಮೇಲೆ ಕೊಂಚ. ಕಟ್ಟು ಹಾಕಿಸಲು ಕೊಟ್ಟರೆ ಫ್ರೇಮಿನ ಅಂಗಡಿಯವರು ಅಂಚಿನಲ್ಲಿ ಮುಚ್ಚಿಹಾಕುವುದೇ ಅಷ್ಟನ್ನು.

ಅದೇ 2014ರ ಫೋನನ್ನು ಈಗ ಯಾರಿಗಾದರೂ ಸುಮ್ಮನೆ ಕೊಡುತ್ತೇನೆಂದರೂ ಬೇಡ ಎನ್ನುತ್ತಾರೆ. ಎ6000 ಮಾತ್ರ ಇನ್ನೂ ಕೈಯಿಂದ ಕೈಗೆ ದಾಟುತ್ತಲೇ ಇದೆ. ಕಾಲೇಜು ಹುಡುಗರು, ಹೊಸದಾಗಿ ಹಕ್ಕಿ ನೋಡಲು ಶುರುಮಾಡಿದ ಮೇಷ್ಟರು, ಮದುವೆ ಫೋಟೋಗೆ ಕೈಹಾಕಬೇಕೆಂದಿರುವ ತಮ್ಮಂದಿರು, ಎಲ್ಲರೂ ಕೇಳುವುದು ಒಂದೇ: "ಸಾರ್, ಸೆಕೆಂಡ್ ಹ್ಯಾಂಡಲ್ಲಿ ಹಳೇದು ಸಿಗ್ತಿದೆ. ಸಾಕಾಗತ್ತಾ, ಇಲ್ಲ ಸಾಲ ಮಾಡಿ ಹೊಸದೇ ತಗೊಳ್ಲಾ?" ನನ್ನ ಬಳಿ ಇರುವುದು ಹಳೆಯದು. ಹೊಸದು ಗೆಳೆಯನದು, ಆದರೆ ಅವನಿಗಿಂತ ಹೆಚ್ಚಾಗಿ ನನ್ನ ಹೆಗಲಲ್ಲೇ ಇರುತ್ತದೆ ಎಂದು ಅವನ ದೂರು. ಎರಡನ್ನೂ ಬಳಸಿ ನನಗೆ ಗಟ್ಟಿಯಾದದ್ದು ಇಷ್ಟು: ಚಿತ್ರದ ಗುಣಮಟ್ಟ ಎಂದು ನಾವು ಯಾವುದನ್ನು ಕರೆಯುತ್ತೇವೋ ಅದರಲ್ಲಿ ಈ ಒಂಬತ್ತು ವರ್ಷಗಳಲ್ಲಿ ಹೇಳಿಕೊಳ್ಳುವಂಥದ್ದು ಆಗಿಲ್ಲ. ಚಿತ್ರ ಕೈಗೆ ಸಿಗುತ್ತದೋ ತಪ್ಪಿಹೋಗುತ್ತದೋ ಎಂಬುದರಲ್ಲಿ ಬಹಳ ಆಗಿದೆ. ಜಾಹೀರಾತುಗಳು ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಮಾರುತ್ತವೆ.

ಮಿರರ್‌ಲೆಸ್ ಎಂಬ, ಈ ಎರಡೂ ಸೇರಿದ ಜಾತಿಯ ಬಗ್ಗೆ ಎರಡು ಮಾತು. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್ ಮತ್ತು ಫಿಲ್ಮಿನ ನಡುವೆ ಓರೆಯಾಗಿ ಒಂದು ಕನ್ನಡಿ ಕೂತಿರುತ್ತಿತ್ತು. ಅದು ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸುತ್ತಿತ್ತು. ಗುಂಡಿ ಒತ್ತಿದಾಗ ಟಕ್ಕೆಂದು ಮೇಲೇಳುತ್ತಿತ್ತು. ಆ ಕನ್ನಡಿ ಅಲ್ಲಾಡುವುದಕ್ಕೆ ಜಾಗ ಬೇಕಾದ್ದರಿಂದ ಲೆನ್ಸಿನ ಬಾಯಿಗೂ ಫಿಲ್ಮಿಗೂ ನಡುವೆ ನಾಲ್ಕೂವರೆ ಸೆಂಟಿಮೀಟರಿನಷ್ಟು ಟೊಳ್ಳು ಬಿಡಬೇಕಿತ್ತು. 2008ರಲ್ಲಿ ಪ್ಯಾನಾಸೋನಿಕ್ ತನ್ನ ಜಿ1 ಕ್ಯಾಮೆರಾದಲ್ಲಿ ಆ ಕನ್ನಡಿಯನ್ನೇ ಕಿತ್ತುಹಾಕಿತು. ಸೆನ್ಸರ್ ಕಂಡದ್ದನ್ನು ನೇರವಾಗಿ ಪುಟ್ಟ ಪರದೆಯ ಮೇಲೆ ತೋರಿಸಿದರಾಯಿತಲ್ಲ ಎಂಬ ಲೆಕ್ಕ. 2010ರಲ್ಲಿ ಸೋನಿಯ ನೆಕ್ಸ್-3, ನೆಕ್ಸ್-5 ಬಂದವು. ಅವುಗಳಲ್ಲಿ ಆ ಟೊಳ್ಳು 18 ಮಿಲಿಮೀಟರಿಗೆ ಇಳಿದಿತ್ತು. ಅವುಗಳ ಲೆನ್ಸ್ ಕೂರುವ ಬಾಯಿ, ಅಂದರೆ ಇ ಮೌಂಟ್, ಇವತ್ತಿಗೂ ಅದೇ ನಡೆದಿದೆ. ಹಾಗಾಗಿ 2014ರ ಬಾಡಿಗೆ 2023ರ ಲೆನ್ಸ್ ಕೂರುತ್ತದೆ, 2010ರ ಲೆನ್ಸ್ ಹೊಸ ಬಾಡಿಗೂ ಕೂರುತ್ತದೆ. ಅಷ್ಟೇ ಅಲ್ಲ, ಉಳಿದ ಜಾಗದಲ್ಲಿ ಒಂದು ಅಡಾಪ್ಟರ್ ಉಂಗುರ ತೂರಿಸಿದರೆ ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾದ ಲೆನ್ಸ್ ಕೂಡ ಎರಡರಲ್ಲೂ ಜೀವ ತಳೆಯುತ್ತದೆ. ಫೋಕಸನ್ನು ಮಾತ್ರ ಕೈಯಲ್ಲೇ ತಿರುಗಿಸಬೇಕು.

ಎ6000 ಆ ನೆಕ್ಸ್ ಸಾಲಿನ ನೇರ ವಾರಸುದಾರ. ಬೆಲೆ ತಗ್ಗಿಸಲು ಕಂಪನಿ ಅದರಲ್ಲಿ ಕೆಲವನ್ನು ಕತ್ತರಿಸಿತು. 2012ರ ನೆಕ್ಸ್-6ರ ವ್ಯೂಫೈಂಡರಿನಲ್ಲಿ 23.6 ಲಕ್ಷ ಚುಕ್ಕಿಗಳಿದ್ದರೆ ಎ6000ರಲ್ಲಿ 14.4 ಲಕ್ಷಕ್ಕೆ ಇಳಿಸಿದರು. ದಿಗಂತ ಓರೆಯಾಗಿದೆಯೇ ನೆಟ್ಟಗಿದೆಯೇ ಎಂದು ತೋರಿಸುವ ಮಟ್ಟದ ಗೆರೆಯನ್ನೂ ತೆಗೆದರು. ಎ6700ರ ವ್ಯೂಫೈಂಡರಿನಲ್ಲಿ ಎಷ್ಟಿದೆ ಗೊತ್ತೆ? ಅದೇ 23.6 ಲಕ್ಷ. ಹನ್ನೊಂದು ವರ್ಷ ಕಳೆದರೂ ಇಣುಕುಗಿಂಡಿಯ ವಿಷಯದಲ್ಲಿ ಹೊರಟಲ್ಲಿಗೇ ಬಂದು ನಿಂತಿದ್ದಾರೆ.

ಬೆಳಕಿನ ಲೆಕ್ಕ

ಸೆನ್ಸರಿನ ಅಳತೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಎಪಿಎಸ್-ಸಿ ಎಂದು ಕರೆಯುವ ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರದ ಬಿಲ್ಲೆ. ಒಂದರಲ್ಲಿ 2.4 ಕೋಟಿ ಚುಕ್ಕಿ, ಇನ್ನೊಂದರಲ್ಲಿ 2.6 ಕೋಟಿ. ಹೊಸದು ಹಿಂಬದಿಯಿಂದ ಬೆಳಕು ಹಿಡಿಯುವ ಬಗೆಯದು. ಅಂದರೆ ವಿದ್ಯುತ್ ತಂತಿಗಳ ಜಾಲವನ್ನು ಬೆಳಕಿಗೆ ಅಡ್ಡ ಬಾರದಂತೆ ಸೆನ್ಸರಿನ ಬೆನ್ನಿಗೆ ಸರಿಸಿದ್ದಾರೆ. ಕೇಳುವುದಕ್ಕೆ ಭಾರೀ ಸುಧಾರಣೆ. ಚಿತ್ರದಲ್ಲಿ ಹುಡುಕಿದರೆ, ಮಂದ ಬೆಳಕಿಗೆಂದು ಏರಿಸಿದ ಐಎಸ್‌ಒ 3200, 6400ರಲ್ಲಿ ಹೊಸದರ ನೆರಳುಗಳಲ್ಲಿ ಕಣಕಣವಾದ ನಾಯ್ಸ್ ಸ್ವಲ್ಪ ಕಡಿಮೆ. ಅದನ್ನು ಕಾಣಲು ಚಿತ್ರವನ್ನು ಪರದೆಯ ಮೇಲೆ ನೂರಕ್ಕೆ ನೂರು ಹಿಗ್ಗಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮೂಗು ತಾಗಿಸಿ ನೋಡಬೇಕು.

ಇದು ಎಂಜಿನಿಯರುಗಳ ಸೋಮಾರಿತನವಲ್ಲ, ಬೆಳಕಿನ ಸ್ವಭಾವ. ಬೆಳಕು ಬಿಡಿಬಿಡಿ ಫೋಟಾನುಗಳಾಗಿ ಬಂದು ಬೀಳುತ್ತದೆ. ಒಂದೇ ಬಣ್ಣದ ಗೋಡೆಯ ಚಿತ್ರ ತೆಗೆದರೂ ಪಕ್ಕಪಕ್ಕದ ಎರಡು ಚುಕ್ಕಿಗಳ ಮೇಲೆ ಬೀಳುವ ಫೋಟಾನುಗಳ ಸಂಖ್ಯೆ ಸಮ ಇರುವುದಿಲ್ಲ. ಬೆಳಕು ಕಡಿಮೆಯಾದಷ್ಟೂ ಈ ಏರುಪೇರು ಎದ್ದು ಕಾಣುತ್ತದೆ. ಕತ್ತಲ ಚಿತ್ರದ ಕಣಗಳಲ್ಲಿ ಬಹುಪಾಲು ಅದೇ, ಕ್ಯಾಮೆರಾದ ದೋಷವಲ್ಲ. ಪ್ರತಿ ಚುಕ್ಕಿಯ ನೆತ್ತಿಯ ಮೇಲೆ ಒಂದು ಬಣ್ಣದ ಫಿಲ್ಟರ್ ಇರುತ್ತದೆ. ಅದರ ಮೂಲಕ ಇಳಿದು ಬಂದ ಬೆಳಕಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು 2014ರ ಹೊತ್ತಿನ ಸೆನ್ಸರುಗಳೇ ಹಿಡಿಯುತ್ತಿದ್ದವು. ಉಳಿದ ಅರ್ಧವನ್ನೂ ಬಿಡದೆ ಹಿಡಿಯುವ ಸೆನ್ಸರನ್ನು ನಾಳೆ ಯಾರಾದರೂ ಮಾಡಿದರೂ ಸಿಗುವ ಲಾಭ ಎರಡರಷ್ಟು ಬೆಳಕು, ಫೋಟೋದವರ ಮಾತಿನಲ್ಲಿ ಒಂದು ಸ್ಟಾಪ್. ಅದಕ್ಕಿಂತ ಮುಂದೆ ದಾರಿಯೇ ಇಲ್ಲ.

ಈಗ ಲೆನ್ಸಿನ ಕಡೆ ನೋಡಿ. ಎ6000 ಜೊತೆ ಕಿಟ್ ಆಗಿ ಬರುತ್ತಿದ್ದ 16-50 ಲೆನ್ಸನ್ನು 50ಕ್ಕೆ ಚಾಚಿದರೆ ಅದರ ಅಪರ್ಚರ್ ಎಫ್ 5.6ಕ್ಕಿಂತ ಹಿರಿದಾಗಿ ತೆರೆಯುವುದಿಲ್ಲ. ಅದನ್ನು ಬಿಚ್ಚಿಟ್ಟು 50 ಎಂ.ಎಂ. ಎಫ್ 1.8 ಲೆನ್ಸ್ ಹಾಕಿ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ 9.7 ಬರುತ್ತದೆ. ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು! ಒಂಬತ್ತು ವರ್ಷದ ಸೆನ್ಸರ್ ಸಂಶೋಧನೆ ಕೊಡಲಾಗದ್ದನ್ನು ಮುಷ್ಟಿಯಲ್ಲಿ ಅಡಗುವ ಒಂದು ಲೆನ್ಸ್ ಕೊಡುತ್ತದೆ. ಹೊಸ ಬಾಡಿಗೆ ಕಿಟ್ ಲೆನ್ಸ್ ಹಾಕಿಕೊಂಡು ಸಂಜೆಯ ಮನೆಯೊಳಗೆ ಮಗುವಿನ ಫೋಟೋ ತೆಗೆಯುವವನಿಗಿಂತ ಹಳೆಯ ಬಾಡಿಗೆ ಎಫ್ 1.8 ಹಾಕಿದವನ ಚಿತ್ರ ಸ್ವಚ್ಛವಾಗಿರುತ್ತದೆ. ಇದರಲ್ಲಿ ಅಭಿಪ್ರಾಯಭೇದಕ್ಕೆ ಜಾಗವಿಲ್ಲ, ಬರೀ ಗುಣಾಕಾರ.

ಇನ್ನೊಂದು ಸಂಗತಿ ಹಳೆಯ ಕ್ಯಾಮೆರಾ ಇರುವವರು ಹೆಚ್ಚಾಗಿ ಗಮನಿಸುವುದಿಲ್ಲ. ಚಿತ್ರಗಳನ್ನು ಸಂಸ್ಕರಿಸದ ರಾ ಕಡತವಾಗಿ ಉಳಿಸಿಕೊಂಡಿದ್ದವರ 2014ರ ಫೋಟೋಗಳು ಈಚೆಗೆ ತಾವಾಗಿಯೇ ಚೆನ್ನಾಗಿಬಿಟ್ಟಿವೆ. ಲಕ್ಷಾಂತರ ಚಿತ್ರಗಳಿಂದ ಕಲಿತು ನಾಯ್ಸ್ ತೆಗೆಯುವ ಸಾಫ್ಟ್‌ವೇರುಗಳು ಬಂದಿವೆ. ಅಡೋಬಿ ತನ್ನ ಲೈಟ್‌ರೂಮಿಗೆ ಅಂಥದ್ದನ್ನು ಸೇರಿಸಿದ್ದು 2023ರಲ್ಲಿ. ಅಂದು ಐಎಸ್‌ಒ 6400ರಲ್ಲಿ ತೆಗೆದು, ಇದು ಆಗದು ಎಂದು ಬದಿಗಿಟ್ಟಿದ್ದ ಚಿತ್ರವನ್ನು ಇಂದು ಅದರ ಬಾಯಿಗೆ ಹಾಕಿದರೆ ತೊಳೆದಿಟ್ಟಂತೆ ಹೊರಬರುತ್ತದೆ. ಕ್ಯಾಮೆರಾ ಕಪಾಟಿನಲ್ಲಿ ಹಳತಾಗುತ್ತಿದ್ದಾಗ ಕಡತಗಳು ಹಾರ್ಡ್ ಡಿಸ್ಕಿನಲ್ಲಿ ಹೊಸತಾಗುತ್ತಿದ್ದವು. ಸೆನ್ಸರುಗಳ ಅಂತರ ಅಳಿಸಿಹೋಗಲು ಇದೂ ಒಂದು ಕಾರಣ.

ಫೋಕಸ್ ಎಂಬ ಹಳೇ ವ್ಯಾಜ್ಯ

ಅಂತರ ನಿಜವಾಗಿ ಇರುವುದು ಫೋಕಸ್‌ನಲ್ಲಿ. ಇದರ ಕಥೆ ಎರಡೂ ಕ್ಯಾಮೆರಾಗಳಿಗಿಂತ ಹಿಂದಿನದು. 1985ರಲ್ಲಿ ಜಪಾನಿನ ಮಿನೋಲ್ಟಾ ಕಂಪನಿ ಆಲ್ಫಾ 7000 ಎಂಬ ಎಸ್‌ಎಲ್‌ಆರ್ ತಂದಿತು. ಫೋಕಸ್ ಮಾಡುವ ಮೋಟಾರನ್ನು ಬಾಡಿಯೊಳಗೇ ಇಟ್ಟು ಗೆದ್ದ ಮೊದಲ ಕ್ಯಾಮೆರಾ ಅದು. ಗೆಲುವಿನ ಹಿಂದೆಯೇ ಕೋರ್ಟು ಕಟ್ಟೆಯೂ ಬಂತು. ಅಮೆರಿಕದ ಹನಿವೆಲ್ ತನ್ನ ಪೇಟೆಂಟ್ ಮುರಿದಿದ್ದಾರೆಂದು ದಾವೆ ಹೂಡಿತು. 1992ರಲ್ಲಿ ಮಿನೋಲ್ಟಾ 12 ಕೋಟಿ 75 ಲಕ್ಷ ಡಾಲರ್ ತೆತ್ತು ವ್ಯಾಜ್ಯ ಮುಗಿಸಿಕೊಂಡಿತು. ಮುಂದೆ ಕೋನಿಕಾ ಜೊತೆ ಕೂಡಿಕೊಂಡ ಆ ಕಂಪನಿ 2006ರಲ್ಲಿ ಕ್ಯಾಮೆರಾ ವ್ಯಾಪಾರದಿಂದಲೇ ಕೈತೊಳೆದುಕೊಂಡಾಗ ಅದನ್ನು ವಹಿಸಿಕೊಂಡದ್ದು ಸೋನಿ. ಸೋನಿ ಕ್ಯಾಮೆರಾಗಳ ಮೈಮೇಲಿರುವ ಆಲ್ಫಾ ಅಕ್ಷರ ಅಲ್ಲಿಂದ ಬಂದ ಬಳುವಳಿ.

ಫೋಕಸ್ ಹುಡುಕಲು ಕ್ಯಾಮೆರಾಕ್ಕೆ ಎರಡು ದಾರಿ. ಮೊದಲನೆಯದರಲ್ಲಿ ಲೆನ್ಸನ್ನು ಹಿಂದೆ ಮುಂದೆ ಸರಿಸುತ್ತ, ಅಂಚುಗಳು ಯಾವಾಗ ಅತಿ ಚೂಪಾಗುತ್ತವೆ ಎಂದು ನೋಡುವುದು. ತಂಬೂರಿ ಶ್ರುತಿ ಮಾಡುವವರು ಬಿರಡೆಯನ್ನು ಒಂದೆಳೆ ಮೀರಿಸಿ ಹಿಂದಕ್ಕೆ ತರುವ ಹಾಗೆ, ಇಲ್ಲಿಯೂ ಸರಿಯಾದ ಜಾಗವನ್ನು ದಾಟಿದ ಮೇಲೆಯೇ ಅದು ಸರಿಯಿತ್ತೆಂದು ತಿಳಿಯುವುದು. ಹಾಗಾಗಿ ನಿಧಾನ. ಎರಡನೆಯದು ಫೇಸ್ (phase) ಡಿಟೆಕ್ಷನ್. ಲೆನ್ಸಿನ ಎಡ ಅಂಚಿನಿಂದ ಬಂದ ಬೆಳಕನ್ನೂ ಬಲ ಅಂಚಿನಿಂದ ಬಂದ ಬೆಳಕನ್ನೂ ಬೇರೆ ಬೇರೆ ಹಿಡಿದು ಎರಡೂ ಎಷ್ಟು ಸರಿದು ಬಿದ್ದಿವೆ ಎಂದು ಅಳೆಯುತ್ತದೆ. ಲೆನ್ಸನ್ನು ಯಾವ ಕಡೆಗೆ, ಎಷ್ಟು ತಿರುಗಿಸಬೇಕೆಂದು ಒಂದೇ ಏಟಿಗೆ ಗೊತ್ತಾಗುತ್ತದೆ. ಹಳೆಯ ಎಸ್‌ಎಲ್‌ಆರ್‌ಗಳಲ್ಲಿ ಈ ಅಳತೆಗೆ ಕನ್ನಡಿಯ ಕೆಳಗೆ ಬೇರೆಯದೇ ಸೆನ್ಸರ್ ಇರುತ್ತಿತ್ತು. ಅದರ ದೂರಕ್ಕೂ ಫಿಲ್ಮಿನ ದೂರಕ್ಕೂ ಕೂದಲೆಳೆ ವ್ಯತ್ಯಾಸವಾದರೆ ಫೋಕಸ್ ಕಣ್ಣಿನ ಬದಲು ಕಿವಿಯ ಮೇಲೆ ಕೂರುತ್ತಿತ್ತು. ಮಿರರ್‌ಲೆಸ್ ಬಂದ ಮೇಲೆ ಅಳೆಯುವ ಚುಕ್ಕಿಗಳನ್ನು ಚಿತ್ರ ತೆಗೆಯುವ ಸೆನ್ಸರಿನ ಮೇಲೆಯೇ ನೆಟ್ಟರು.

ಎ6000ರ ಸೆನ್ಸರಿನಲ್ಲಿ ಅಂಥ 179 ಜಾಗಗಳಿದ್ದವು, ಚೌಕಟ್ಟಿನ ನೂರಕ್ಕೆ 92 ಭಾಗವನ್ನು ಹರಡಿಕೊಂಡು. 0.06 ಸೆಕೆಂಡಿನಲ್ಲಿ ಫೋಕಸ್ ಹಿಡಿಯುತ್ತದೆ ಎಂದು ಕಂಪನಿ ಸಾರಿಕೊಂಡಿತ್ತು. ಸೆಕೆಂಡಿಗೆ 11 ಚಿತ್ರ ತೆಗೆಯುತ್ತಿತ್ತು. ಆ ಬೆಲೆಗೆ ಅಂದು ಅದು ದಂಗುಬಡಿಸುವ ವೇಗ. ಎ6700ರಲ್ಲಿ 759 ಜಾಗಗಳು. ಸೆಕೆಂಡಿಗೆ ಎಷ್ಟು ಚಿತ್ರ? ಆಗಲೂ 11, ಈಗಲೂ 11. ಮೆಕ್ಯಾನಿಕಲ್ ಶಟರಿನ ವೇಗ ಅಷ್ಟಕ್ಕೇ ನಿಂತಿದೆ. ಆ ಹನ್ನೊಂದರಲ್ಲಿ ಎಷ್ಟು ಉಳಿಸಿಕೊಳ್ಳಲು ಯೋಗ್ಯ ಎಂಬಲ್ಲಿ ಹೊಸದು ಗೆಲ್ಲುತ್ತದೆ.

ರಂಗನತಿಟ್ಟಿನಲ್ಲಿ ಬೇಸಗೆಯ ಬೆಳಿಗ್ಗೆ ದೋಣಿಯಲ್ಲಿ ಕೂತವರಿಗೆ ನದಿ ರೀವಗಳು ಗೊತ್ತಿರುತ್ತವೆ. ಹಳದಿ ಕೊಕ್ಕು, ಕಪ್ಪು ಟೋಪಿ, ಕತ್ತರಿಯಂಥ ಬಾಲ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿದ್ದಿದ್ದರೆ ಅದಕ್ಕೆ ಯಾವ ಕ್ಯಾಮೆರಾ ಆದರೂ ನಡೆಯುತ್ತದೆ, ಮೊಸಳೆಗೆ ಅವಸರವಿಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳದೂ ಬೀಸು ರೆಕ್ಕೆಯ ಸಾವಧಾನದ ಹಾರಾಟ. ಅದನ್ನು ಹಳೆಯ ಎ6000 ಸಲೀಸಾಗಿ ಹಿಂಬಾಲಿಸುತ್ತದೆ. ರೀವ ಹಾಗಲ್ಲ. ನೀರಿನ ಮೇಲೆ ತೇಲಿಕೊಂಡು ಬಂದದ್ದು ಸಟಕ್ಕನೆ ಮಗುಚಿ ಕೆಳಗೆ ಬೀಳುತ್ತದೆ, ಎದ್ದಾಗ ಕೊಕ್ಕಿನಲ್ಲಿ ಮೀನು. ಹಿನ್ನೆಲೆಯಲ್ಲಿ ದಡದ ಜೊಂಡು, ಬಿದಿರು, ಬಿಸಿಲು ಕುಣಿಯುವ ಅಲೆ. 2014ರ ಲೆಕ್ಕಾಚಾರಕ್ಕೆ ದೂರ ಅಳೆಯಲು ಬರುತ್ತಿತ್ತು, ಬಣ್ಣ ಮತ್ತು ವಿನ್ಯಾಸವನ್ನು ಒಂದಷ್ಟು ಹೊತ್ತು ಬೆನ್ನಟ್ಟಲು ಬರುತ್ತಿತ್ತು. ಹಕ್ಕಿ ಯಾವುದು, ಜೊಂಡು ಯಾವುದು ಎಂಬ ತಿಳಿವಳಿಕೆ ಅದಕ್ಕಿರಲಿಲ್ಲ. ಜೊಂಡಿನ ಗೆರೆಗಳು ಹಕ್ಕಿಗಿಂತ ಚುರುಕಾಗಿ ಎದ್ದುಕಂಡರೆ ಫೋಕಸ್ ಅಲ್ಲಿಗೆ ಹಾರುತ್ತದೆ. ಆಗ ಜೊಂಡಿನ ಅಂದವಾದ ಚಿತ್ರವೊಂದು ಸಿಗುತ್ತದೆ, ಮುಂದೆ ಬಿಳಿಯ ಮಸುಕು ಇರುತ್ತದೆ.

ಎ6700ರಲ್ಲಿ ಈ ಕೆಲಸಕ್ಕೆಂದೇ ಪ್ರತ್ಯೇಕ ಚಿಪ್ ಇದೆ. ಮನುಷ್ಯ, ಪ್ರಾಣಿ, ಹಕ್ಕಿ, ಕೀಟ, ಕಾರು ಮತ್ತು ರೈಲು, ವಿಮಾನ ಇವುಗಳ ಆಕಾರವನ್ನು ಮೊದಲೇ ಕಲಿಸಿಟ್ಟಿರುತ್ತಾರೆ. ಮನುಷ್ಯನಾದರೆ ಮೈಯ ಭಂಗಿಯನ್ನೇ ಗುರುತಿಸಿ, ಬೆನ್ನು ತಿರುಗಿಸಿ ನಿಂತವನ ತಲೆ ಎಲ್ಲಿದೆ ಎಂದು ಊಹಿಸುತ್ತದೆ. ಹಕ್ಕಿಯಾದರೆ ಮೈ, ತಲೆ, ಕಣ್ಣು ಎಂದು ಹಂತಹಂತವಾಗಿ ಹಿಡಿಯುತ್ತದೆ. ವ್ಯೂಫೈಂಡರಿನಲ್ಲಿ ರೀವದ ಕಪ್ಪು ಟೋಪಿಯೊಳಗೆ ಅಡಗಿದ ಕಪ್ಪು ಕಣ್ಣಿನ ಮೇಲೆ ಒಂದು ಪುಟ್ಟ ಚೌಕ ಬಂದು ಕೂರುತ್ತದೆ. ನಮ್ಮ ಕಣ್ಣಿಗೇ ಅಲ್ಲಿ ಕಣ್ಣಿದೆ ಎಂದು ಕಾಣುವ ಮೊದಲು ಕೂತಿರುತ್ತದೆ. ಮೊದಲ ಸಲ ನೋಡಿದಾಗ ಇದು ನ್ಯಾಯವೇ ಎಂದು ನನಗೆ ಅನ್ನಿಸಿದ್ದುಂಟು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂಥವರು ಕಪ್ಪುಬಿಳುಪು ಫಿಲ್ಮಿನಲ್ಲಿ ಕೈಯಿಂದ ಫೋಕಸ್ ತಿರುಗಿಸುತ್ತ ಕಾಡಿನ ಚಿತ್ರ ತೆಗೆದ ನಾಡು ಇದು. ಘೋರ್ಪಡೆಯವರು ರಾಜ್ಯದ ಹಣಕಾಸು ಮಂತ್ರಿಯೂ ಆಗಿದ್ದವರು. ಬಜೆಟ್ಟಿನ ಗದ್ದಲದ ನಡುವೆ ಅವರು ಈ ತಾಳ್ಮೆಯನ್ನು ಎಲ್ಲಿಟ್ಟುಕೊಂಡಿದ್ದರೋ!

ಹೊಸದೂ ಸರ್ವಜ್ಞನಲ್ಲ. ಎದುರಿಗೆ ಬರುವುದು ಹಕ್ಕಿಯೋ ಮನುಷ್ಯನೋ ಎಂದು ನಾವೇ ಮುಂಚೆ ಆರಿಸಿಡಬೇಕು. ಮನುಷ್ಯ ಎಂದು ಇಟ್ಟುಕೊಂಡು ಹಕ್ಕಿಯತ್ತ ತಿರುಗಿಸಿದರೆ ಅದರ ಜಾಣ್ಮೆ ಅರ್ಧಕ್ಕರ್ಧ ಇಳಿಯುತ್ತದೆ. ಇನ್ನು ನಮ್ಮ ಕಡೆಯದೇ ಒಂದು ಪರೀಕ್ಷೆ ಇದೆ, ಯಕ್ಷಗಾನ. ಪುಂಡುವೇಷ, ಸ್ತ್ರೀವೇಷಗಳ ಮುಖವನ್ನು ಹೊಸ ಕ್ಯಾಮೆರಾ ಚೆಂಡೆಯ ಏರು ಪೆಟ್ಟಿಗೆ ಸುತ್ತುತ್ತಿದ್ದರೂ ಬಿಡದೆ ಹಿಡಿಯುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷ ರಂಗಕ್ಕೆ ಬಂದಾಗ ಆಟ ಬೇರೆ. ಮುಖದ ತುಂಬ ಚುಟ್ಟಿಯ ಬಿಳಿ ಮುಳ್ಳುಗಳು, ಕಣ್ಣಿನ ಸುತ್ತ ಎಳೆದ ಕಪ್ಪು ಕೆಂಪು, ದೊಡ್ಡ ಕಿರೀಟ. ಇಂಥ ಮುಖವನ್ನು ಮುಖವೆಂದು ಯಾವ ಗಣಿತಕ್ಕೂ ಸುಲಭದಲ್ಲಿ ನಂಬಿಸಲಾಗದು. ಅಲ್ಲಿ ಹಳೆಯ ಪದ್ಧತಿಯೇ ವಾಸಿ: ಒಂದೇ ಫೋಕಸ್ ಬಿಂದುವನ್ನು ಆರಿಸಿಕೊಂಡು ಹುಬ್ಬಿನ ಮೇಲೆ ಇಟ್ಟು ಕಾಯುವುದು. ಈ ಕಾಯುವಿಕೆಯಲ್ಲಿ ಎ6000ಕ್ಕೂ ಎ6700ಕ್ಕೂ ಹೆಚ್ಚು ತೇಡಾ ಇಲ್ಲ.

ಎ6000ರಲ್ಲೂ ಕಣ್ಣು ಹುಡುಕುವ ಸವಲತ್ತು ಇತ್ತೆಂದು ಕೆಲವರು ನೆನಪಿಸಬಹುದು. ಇತ್ತು. ಒಂದು ಗುಂಡಿಗೆ ಅದನ್ನು ವಹಿಸಿ, ಒತ್ತಿ ಹಿಡಿದುಕೊಂಡಿರಬೇಕು. ಎದುರಿಗಿನ ವ್ಯಕ್ತಿ ಅಲ್ಲಾಡದೆ ನಿಂತಿರಬೇಕು. ಪಾಸ್‌ಪೋರ್ಟ್ ಫೋಟೋಗೆ ಸರಿ, ಬರ್ತ್‌ಡೇ ಕೇಕಿನ ಮುಂದಿರುವ ಮೂರು ವರ್ಷದ ಮಗುವಿಗೆ ಆಗಿಬರದು.

ಬೇಲೂರಿನ ಕತ್ತಲು

ಹೊಸದರ ಎರಡನೇ ಬಲ ಸೆನ್ಸರನ್ನು ಅಲುಗಾಡದಂತೆ ಹಿಡಿಯುವುದು. ಎ6700ರ ಸೆನ್ಸರ್ ಬಾಡಿಗೆ ಬಿಗಿದು ಕೂತಿಲ್ಲ, ಆಯಸ್ಕಾಂತಗಳ ನಡುವೆ ತೇಲುತ್ತದೆ. ಕೈ ಬಲಕ್ಕೆ ನಡುಗಿದ್ದನ್ನು ಒಳಗಿನ ಗೈರೋ ಗ್ರಹಿಸಿ ಸೆನ್ಸರನ್ನು ಅದಕ್ಕೆ ತಕ್ಕಂತೆ ಸರಿಸುತ್ತದೆ. ಐದು ಸ್ಟಾಪ್ ಲಾಭ ಎಂಬುದು ಕಂಪನಿಯ ಲೆಕ್ಕ. ಅರವತ್ತರಲ್ಲಿ ಒಂದು ಸೆಕೆಂಡಿಗೆ ಕೈ ಸ್ಥಿರ ಇರುವವನು ಅರ್ಧ ಸೆಕೆಂಡಿನವರೆಗೆ ಇಳಿಯಬಹುದು ಎಂದರ್ಥ. ಕಂಪನಿಗಳ ಲೆಕ್ಕದಲ್ಲಿ ಒಂದೆರಡನ್ನು ಕಳೆದುಕೊಂಡು ನಂಬುವುದು ಒಳ್ಳೆಯದು. ಕಳೆದರೂ ಉಳಿಯುವುದು ಬಹಳ.

ಇದರ ಬೆಲೆ ತಿಳಿಯಬೇಕಾದರೆ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಹೋಗಬೇಕು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಾಲಿಟ್ಟರೆ ಕತ್ತಲು. ತಲೆಯೆತ್ತಿದರೆ ಭುವನೇಶ್ವರಿ ಎಂದು ಕರೆಯುವ ಚಾವಣಿಯ ಕೆತ್ತನೆ, ಕಂಬದ ತುದಿಗಳಲ್ಲಿ ಮದನಿಕೆಯರು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಕೈಯಲ್ಲೇ ಹಿಡಿದು ತೆಗೆಯಬೇಕು. ಸ್ಥಿರೀಕರಣವಿಲ್ಲದ ಲೆನ್ಸ್ ಹಾಕಿದ ಎ6000ರಲ್ಲಿ ಮೂವತ್ತರಲ್ಲಿ ಒಂದು ಸೆಕೆಂಡಿಗಿಂತ ಇಳಿಯಲು ಧೈರ್ಯ ಸಾಲದು. ಆಗ ಬೆಳಕು ಸಾಲದೆ ಐಎಸ್‌ಒ 3200 ಬೇಕಾಗುತ್ತದೆ ಅಂದುಕೊಳ್ಳಿ. ಅದೇ ಲೆನ್ಸನ್ನು ಎ6700ಕ್ಕೆ ಹಾಕಿ ಕಂಬಕ್ಕೆ ಒರಗಿ, ಉಸಿರು ಬಿಗಿಹಿಡಿದು ಕಾಲು ಸೆಕೆಂಡಿಗೆ ಇಳಿದರೆ ಐಎಸ್‌ಒ 400 ಸಾಕು. ಎಂಟು ಪಟ್ಟು ಬೆಳಕು ಸೆನ್ಸರಿನ ಮೇಲೆ ಬಿದ್ದಿರುತ್ತದೆ. ಭುವನೇಶ್ವರಿಯ ಒಳಪದರದ ಗೆರೆಗಳು ಕಲ್ಲಿನ ನುಣುಪಿನೊಂದಿಗೆ ಮೂಡುತ್ತವೆ. ಸೆನ್ಸರ್ ಒಳ್ಳೆಯದಾಯಿತೆಂದು ಜನ ಹೊಗಳುವುದು ಇಂಥ ಚಿತ್ರ ನೋಡಿ. ಶ್ರೇಯಸ್ಸು ಹೋಗಬೇಕಾದ್ದು ಆಯಸ್ಕಾಂತಕ್ಕೆ.

ಅದೇ ನವರಂಗದ ಶಿಲೆಯ ಮೇಲೆ ಒಬ್ಬರು ನರ್ತಿಸಿದರೆ ಈ ಲಾಭವೆಲ್ಲ ಸೊನ್ನೆ. ನಮ್ಮ ಕೈಯ ನಡುಕವನ್ನು ತಡೆಯಬಹುದು, ಎದುರಿಗಿನವರ ಚಲನೆಯನ್ನು ತಡೆಯಲಾಗದು. ಕಾಲು ಸೆಕೆಂಡಿನಲ್ಲಿ ಕಂಬ ಚೊಕ್ಕವಾಗಿ, ನರ್ತಕಿ ಹೊಗೆಯಾಗಿ ಬರುತ್ತಾರೆ.

ಮನೆಯಲ್ಲಿ ಹಳೆಯ ಫಿಲ್ಮ್ ಲೆನ್ಸ್ ಇರುವವರಿಗೆ ಇಲ್ಲಿ ಒಂದು ಉಪಾಯ ಹೇಳಬೇಕು. ಅಡಾಪ್ಟರ್ ಮೂಲಕ ಅದನ್ನು ಎ6700ಕ್ಕೆ ಹಾಕಿ ಅದರ ಫೋಕಲ್ ಲೆಂತ್ ಎಷ್ಟೆಂದು ಮೆನುವಿನಲ್ಲಿ ನಮೂದಿಸಿದರೆ ನಾಲ್ಕು ದಶಕದ ಹಿಂದಿನ ಲೆನ್ಸಿಗೂ ಈ ಸ್ಥಿರೀಕರಣ ಸಿಗುತ್ತದೆ. ಎ6000ರಲ್ಲಿ ಆ ಭಾಗ್ಯ ಲೆನ್ಸಿನೊಳಗೇ ಸ್ಥಿರೀಕರಣ ಇರುವವಕ್ಕೆ ಮಾತ್ರ.

ಬ್ಯಾಟರಿಯಲ್ಲಿ ಒಂದು ಮೋಜಿನ ಲೆಕ್ಕ ಇದೆ. ಎ6000ರ ಬ್ಯಾಟರಿ 1020 ಮಿಲಿ ಆಂಪಿಯರ್ ಅವರ್, ಎ6700ರದು 2280. ವೋಲ್ಟೇಜ್ ಒಂದೇ, ಅಂದಮೇಲೆ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ. ಪರದೆ ನೋಡಿಕೊಂಡು ತೆಗೆದರೆ ಒಂದು ಚಾರ್ಜಿಗೆ ಬರುವ ಚಿತ್ರಗಳು ಹಳೆಯದರಲ್ಲಿ 360, ಹೊಸದರಲ್ಲಿ 570. ಎರಡು ಪಟ್ಟೂ ಆಗಲಿಲ್ಲ. ಅದೂ ಹಳೆಯದರ ಸಂಖ್ಯೆಯಲ್ಲಿ ಫ್ಲ್ಯಾಶಿನ ಖರ್ಚು ಸೇರಿದೆ, ಏಕೆಂದರೆ ಫ್ಲ್ಯಾಶ್ ಇರುವ ಕ್ಯಾಮೆರಾವನ್ನು ಪರೀಕ್ಷಿಸುವಾಗ ಒಂದು ಬಿಟ್ಟು ಒಂದು ಚಿತ್ರಕ್ಕೆ ಅದನ್ನು ಉರಿಸಬೇಕೆಂಬುದು ಜಪಾನಿನ ತಯಾರಕರ ಸಂಘದ ಪದ್ಧತಿ. ಮಿಕ್ಕ ವಿದ್ಯುತ್ತನ್ನು ತಿಂದದ್ದು ಯಾರು? ಸದಾ ತೇಲಿಸಿ ಹಿಡಿಯಬೇಕಾದ ಸೆನ್ಸರು, ಸದಾ ಕಣ್ಣು ಹುಡುಕುತ್ತಿರುವ ಚಿಪ್ಪು. ಒಂದು ದಿನದ ಮಟ್ಟಿಗೆ ಹೊಸದಕ್ಕೆ ಒಂದೇ ಬ್ಯಾಟರಿ ಸಾಕು. ಹಳೆಯದಕ್ಕೆ ಜೇಬಿನಲ್ಲಿ ಇನ್ನೊಂದು ಇಲ್ಲದೆ ಜಾತ್ರೆಗೆ ಹೋಗುವಂತಿಲ್ಲ.

ಹೊಸದಾಗುವಾಗ ಕಳೆದುಕೊಂಡದ್ದೂ ಇದೆ. ಎ6000ರ ತೂಕ ಬ್ಯಾಟರಿ ಸಮೇತ 344 ಗ್ರಾಂ, ಎ6700ರದು 493. ಎ6000ರ ನೆತ್ತಿಯಲ್ಲಿ ಒಂದು ಪುಟಾಣಿ ಫ್ಲ್ಯಾಶ್ ಚಿಮ್ಮಿ ನಿಲ್ಲುತ್ತದೆ. ಅದನ್ನು ತೋರುಬೆರಳಿನಿಂದ ಹಿಂದಕ್ಕೆ ಬಾಗಿಸಿ ಹಿಡಿದರೆ ಬೆಳಕು ತಾರಸಿಗೆ ಬಡಿದು ಮೃದುವಾಗಿ ಕೆಳಗೆ ಬೀಳುತ್ತದೆ. ಬಿಳಿ ಸುಣ್ಣದ ತಗ್ಗು ಚಾವಣಿಯ ಮನೆಯಲ್ಲಿ ಅದಕ್ಕಿಂತ ಚೆಂದದ ಬೆಳಕು ಪುಕ್ಕಟೆ ಸಿಗಲಾರದು. ಎ6700ರಲ್ಲಿ ಆ ಫ್ಲ್ಯಾಶೇ ಇಲ್ಲ, ಬೇಕಾದವರು ಬೇರೆ ಕೊಂಡು ಮೇಲೆ ಸಿಕ್ಕಿಸಿಕೊಳ್ಳಬೇಕು. ಬೆಲೆ? ಅಮೆರಿಕದಲ್ಲಿ ಎ6000 ಕಿಟ್ ಲೆನ್ಸ್ ಸಹಿತ 800 ಡಾಲರಿಗೆ ಬಂದಿತ್ತು. 2023ರಲ್ಲಿ ಬಂದಾಗ ಎ6700 ಬರೀ ಬಾಡಿಗೇ 1400 ಇತ್ತು.

ವಿಡಿಯೊ ವಿಷಯದಲ್ಲಿ ಚರ್ಚೆಯೇ ಬೇಡ. ಎ6000ರಲ್ಲಿ 4ಕೆ ಇಲ್ಲ, ಹೊರಗಿನ ಮೈಕ್ ಸಿಕ್ಕಿಸಲು ತೂತೂ ಇಲ್ಲ. ಎ6700ರಲ್ಲಿ 10 ಬಿಟ್ ಬಣ್ಣದ 4ಕೆ, ಅದೂ ಸೆಕೆಂಡಿಗೆ 120 ಚೌಕಟ್ಟಿನವರೆಗೆ, ಮೈಕಿಗೂ ಹೆಡ್‌ಫೋನಿಗೂ ಜಾಗ, ನಮ್ಮತ್ತಲೇ ತಿರುಗುವ ಪರದೆ. ಮದುವೆ ವಿಡಿಯೊದಿಂದ ಹೊಟ್ಟೆ ಹೊರೆಯುವವರು ಈ ಲೇಖನ ಓದುವ ಹೊತ್ತಿನಲ್ಲಿ ಹೊಸದಕ್ಕೆ ಮುಂಗಡ ಕೊಟ್ಟು ಬರಬಹುದು.

ಕಂಪನಿಗಳು ಸುಧಾರಣೆಯನ್ನೆಲ್ಲ ಫೋಕಸ್, ಸ್ಥಿರೀಕರಣ, ವಿಡಿಯೊಗಳ ಕಡೆಗೇ ಸುರಿದದ್ದಕ್ಕೆ ಕಾರಣ ಇದೆ. 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿ ದಾಟಿದ್ದವು. 2023ರಲ್ಲಿ ಅದು 80 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಪ್ರವಾಸ, ಹುಟ್ಟುಹಬ್ಬ, ತಿಂಡಿ ತಟ್ಟೆಗಳ ಚಿತ್ರವನ್ನು ಫೋನು ಕಸಿದುಕೊಂಡಿತು. ಉಳಿದ ಗಿರಾಕಿಗಳು ಯಾರು ಎಂದು ನೋಡಿದರೆ ಫೋನಿಗೆ ಎಟುಕದ ದೂರದ ಹಕ್ಕಿ, ಓಡುವ ಆಟಗಾರ, ದುಡ್ಡು ತರುವ ವಿಡಿಯೊ ಇವುಗಳ ಹಿಂದೆ ಬಿದ್ದವರು. ಎ6000 ಎಲ್ಲರಿಗೂ ಆಗಲಿ ಎಂದು ಮಾಡಿದ ಕೊನೆಯ ತಲೆಮಾರಿನದು. ಎ6700 ಆ ಉಳಿದವರಿಗಾಗಿ ಮಾಡಿದ್ದು. ಎಲ್ಲರಿಗೂ ಹೊಸದು ಬೇಕು ಎಂಬಂತೆ ಅದನ್ನು ಮಾರುವುದರಲ್ಲಿ ಮಾತ್ರ ನನ್ನ ತಕರಾರು.

ಆದ್ದರಿಂದ ಕೇಳಿದವರಿಗೆ ನಾನು ಮೊದಲು ಕೇಳುವುದು, ಏನು ತೆಗೆಯುತ್ತೀರಿ ಎಂದು. ಗುಡಿ, ಗದ್ದೆ, ಊಟದ ಮನೆ, ಕೂತ ಅಜ್ಜಿ, ಮಳೆಗಾಲದ ತೋಟ ಎಂದರೆ ಹಳೆಯ ಎ6000 ಮತ್ತು ಒಂದು ಒಳ್ಳೆಯ ಎಫ್ 1.4 ಅಥವಾ ಎಫ್ 1.8 ಲೆನ್ಸ್. ಹಾರುವ ಹಕ್ಕಿ, ಓಡುವ ಮಗು, ಕಬಡ್ಡಿ, ಕಂಬಳ, ವಿಡಿಯೊ ಎಂದರೆ ಸಾಲ ಮಾಡಿಯಾದರೂ ಹೊಸದು. ಕಂಬಳದ ಕೋಣಗಳು ಕೆಸರೆಬ್ಬಿಸಿಕೊಂಡು ನೇರ ನಮ್ಮತ್ತ ಬರುವ ಆ ಹತ್ತು ಹನ್ನೆರಡು ಸೆಕೆಂಡುಗಳಿಗೆ ಹಳೆಯದನ್ನು ನಂಬಿ ಕೂರುವುದು ಬೇಡ.

ಹಳೆಯದನ್ನು ಕೊಳ್ಳುವವರು ಹಗಲಿನಲ್ಲಿ ಹೋಗಬೇಕು. ಲೆನ್ಸನ್ನು ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ಹಿಗ್ಗಿಸಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ದೂಳು ಕೂತಿದೆ, ಅದನ್ನು ಒರೆಸಿ ತೆಗೆಯಬಹುದು. ಲೆನ್ಸ್ ಬಿಚ್ಚಿ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಒಳಗಾಜಿನಲ್ಲಿ ಜೇಡರಬಲೆಯಂಥ ಎಳೆಗಳಿದ್ದರೆ ಫಂಗಸ್ ಹಿಡಿದಿದೆ. ಮಲೆನಾಡು, ಕರಾವಳಿಯ ಕಪಾಟುಗಳಿಂದ ಬಂದ ಲೆನ್ಸಿನಲ್ಲಿ ಇದು ಸಾಮಾನ್ಯ, ಬೆಲೆ ಎಷ್ಟೇ ಇಳಿಸಿದರೂ ಮುಟ್ಟಬೇಡಿ. ಕಿಟ್ ಲೆನ್ಸಾದರೆ ಆನ್ ಮಾಡಿದಾಗ ತಡವರಿಸದೆ ಹೊರಬರಬೇಕು, ಆಫ್ ಮಾಡಿದಾಗ ಪೂರ್ತಿ ಒಳಗೆ ಹೋಗಬೇಕು. ಚಾರ್ಜ್ ಮಾಡುವ ಮೈಕ್ರೋ ಯುಎಸ್‌ಬಿ ತೂತಿಗೆ ಕೇಬಲ್ ಸಿಕ್ಕಿಸಿ ಅಲ್ಲಾಡಿಸಿ, ದೀಪ ಆರಿ ಹತ್ತಿದರೆ ಸಡಿಲವಾಗಿದೆ. ಕೊನೆಗೆ ಬ್ಯಾಟರಿಯನ್ನು ಹೊರತೆಗೆದು ಸಪಾಟು ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿಯಂತೆ ಸುತ್ತಿದರೆ ಅದು ಉಬ್ಬಿದೆ, ಹೊಸದರ ಬೆಲೆಯನ್ನು ಅಲ್ಲೇ ಕಳೆದು ಮಾತಾಡಿ.